ಬಯಸಿ ಮಾಡಿಸಿಕೊಂಡ ಗಾಯ

"ನೀನೇ ಬೇಕು ಅಂತ ಮಾಡಿಸಿಕೊಂಡಿದ್ದಲ್ವಾ?"

ಈ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಹೇಳಿದವರು ಕೆಟ್ಟವರಲ್ಲ, ಚುಚ್ಚಬೇಕೆಂದು ಹೇಳಿದ್ದೂ ಅಲ್ಲ. ಸ್ತನಕ್ಕೆ ಇಂಪ್ಲಾಂಟ್ (ಗಾತ್ರ, ಆಕಾರಕ್ಕಾಗಿ ಒಳಗೆ ಕೂರಿಸುವ, ಸಿಲಿಕೋನ್ ಜೆಲ್ಲೋ ಉಪ್ಪುನೀರೋ ತುಂಬಿದ ಚೀಲ) ಹಾಕಿಸಿಕೊಂಡು ಬಂದು, ಕೈ ಭುಜದ ಮಟ್ಟಕ್ಕೂ ಏಳದೆ ನಾನು ಒದ್ದಾಡುತ್ತಿದ್ದಾಗ ಆಪ್ತರೊಬ್ಬರ ಬಾಯಿಂದ ಸಹಜವಾಗಿ ಬಂದ ಮಾತು. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಬಂದವರಿಗೆ ಯಾರೂ ಹೀಗೆ ಹೇಳುವುದಿಲ್ಲ. ಅವರ ಮಂಚದ ಸುತ್ತ ಮನೆಮಂದಿ ಕೂರುತ್ತಾರೆ, ಎಲ್ಲಿ ನೋಯುತ್ತದೆ, ರಾತ್ರಿ ನಿದ್ದೆ ಬಂತಾ ಎಂದು ವಿಚಾರಿಸುತ್ತಾರೆ. ಬಯಸಿ ಮಾಡಿಸಿಕೊಂಡ ಆಪರೇಷನ್ನಿಗೆ ಆ ಭಾಗ್ಯ ಕಡಿಮೆ. ಸ್ತನದ ವಿಷಯವಾದರಂತೂ ಆಪರೇಷನ್ ಆಗಿದೆ ಎಂದು ಹೇಳಿಕೊಳ್ಳುವುದೇ ಕಷ್ಟ. ಇನ್ನು ನೋವಾಗುತ್ತಿದೆ ಎಂದು ಹೇಳುವುದು ದೂರದ ಮಾತು.

ಇತ್ತೀಚೆಗೆ ಪರಿಚಯದ ಹುಡುಗಿಯೊಬ್ಬಳು ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನನ್ನು ಕೇಳಿದಳು: "ಒಂದು ವಾರ ರಜೆ ಹಾಕಿದರೆ ಸಾಕಂತಲ್ಲ, ಆಮೇಲೆ ಎಲ್ಲ ಮಾಮೂಲಿನ ಹಾಗೇ ಅಂತೆ, ನಿಜವಾ?" ಅರ್ಧ ನಿಜ. ಕುಳಿತು ಮಾಡುವ ಕೆಲಸಕ್ಕೆ ಸುಮಾರು ಒಂದು ವಾರಕ್ಕೆ ಮರಳಿದವರು ಬಹಳ ಮಂದಿ ಇದ್ದಾರೆ. ಆದರೆ ಕೆಲಸಕ್ಕೆ ಮರಳುವುದು ಬೇರೆ, ಮೈ ಮಾಗುವುದು ಬೇರೆ. ಸ್ನಾಯುವಿಗೆ ವಾರಗಳು ಬೇಕು, ಆಕಾರಕ್ಕೆ ತಿಂಗಳುಗಳು ಬೇಕು, ನರಗಳಿಗೂ ಕಲೆಗೂ ಕೆಲವೊಮ್ಮೆ ವರ್ಷವೂ ಸಾಲದು. ಇದನ್ನೆಲ್ಲ ಅವಳಿಗೆ ಹೇಳುತ್ತಾ ಹೋದ ಹಾಗೆ, ನನಗೂ ಯಾರಾದರೂ ಹೀಗೆ ಕೂರಿಸಿಕೊಂಡು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ನಿಮ್ಮ ಸರ್ಜನ್ ಕೊಟ್ಟ ಸೂಚನೆಯಲ್ಲಿ ಇದಕ್ಕಿಂತ ಬೇರೆ ಇದ್ದರೆ, ನಿಮ್ಮ ಮಟ್ಟಿಗೆ ಅದೇ ಸರಿ.

ನಾನು ಯಾಕೆ ಮಾಡಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಹೇಳಿ ಒಪ್ಪಿಸಿದರೆ ಮಾತ್ರ ನೋವಿಗೆ ಬೆಲೆ ಎಂಬ ಲೆಕ್ಕಾಚಾರವೇ ನನಗೆ ಒಪ್ಪಿಗೆಯಿಲ್ಲ. ಹುಟ್ಟಿನಿಂದಲೇ ಎರಡೂ ಸ್ತನಗಳ ಗಾತ್ರದಲ್ಲಿ ದೊಡ್ಡ ವ್ಯತ್ಯಾಸ ಇರುವವರು, ಮಕ್ಕಳಿಗೆ ಹಾಲು ಬಿಡಿಸಿದ ಮೇಲೆ ಎದೆ ಬತ್ತಿದವರು, ತೂಕ ಇಳಿದು ಆಕಾರ ಕಳೆದುಕೊಂಡವರು, ಲಿಂಗತ್ವ ಬದಲಾವಣೆಯ ಹಾದಿಯಲ್ಲಿರುವವರು, ಇದ್ಯಾವುದೂ ಇಲ್ಲದೆ ಬರೀ ಬೇಕು ಅನ್ನಿಸಿದವರು, ಎಲ್ಲರ ಎದೆಯನ್ನೂ ಒಂದೇ ರೀತಿ ಕೊಯ್ಯುತ್ತಾರೆ.

ನೋವು ಎಲ್ಲಿಂದ ಬರುತ್ತದೆ

ಇಂಪ್ಲಾಂಟ್ ಒಳಗೆ ಕೂರಬೇಕಾದರೆ ಅದಕ್ಕೊಂದು ಜಾಗ ಬೇಕು. ಸ್ತನದ ಕೆಳಗಿನ ಮಡಿಕೆಯಲ್ಲೋ, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲೋ, ಕಂಕುಳಲ್ಲೋ ಕೊಯ್ದು ಒಳಗೆ ಆ ಜಾಗವನ್ನು ಬಿಡಿಸುತ್ತಾರೆ. ಅದು ಎದೆಯ ದೊಡ್ಡ ಸ್ನಾಯುವಿನ ಮೇಲೂ ಇರಬಹುದು, ಕೆಳಗೂ ಇರಬಹುದು, ಮೇಲರ್ಧ ಸ್ನಾಯುವಿನಡಿ, ಕೆಳಗರ್ಧ ಸ್ತನದ ಅಂಗಾಂಶದಡಿ ಕೂರಿಸುವುದೂ ಇದೆ. ಸ್ನಾಯುವಿನ ಮೇಲೆ ಇಟ್ಟರೆ ನೋವು ಸಾಮಾನ್ಯವಾಗಿ ಕಡಿಮೆ. ಕೆಳಗೆ ಇಡಬೇಕಾದರೆ ಸ್ನಾಯುವನ್ನು ಪಕ್ಕೆಲುಬಿನ ಕಡೆಯಿಂದ ಸ್ವಲ್ಪ ಬಿಡಿಸಿ ಎತ್ತಬೇಕು. ಹಾಗೆ ಎತ್ತಿಸಿಕೊಂಡ ಸ್ನಾಯು, ತನ್ನಡಿಯಲ್ಲಿ ಹೊಸದೇನೋ ಬಂದು ಕೂತಿದೆ ಎಂದು ಮೊದಮೊದಲು ಬಿಗಿಯುತ್ತಲೇ ಇರುತ್ತದೆ. ಕೊಯ್ದ ಜಾಗಕ್ಕಿಂತ ಈ ಬಿಗಿತವೇ ಹೆಚ್ಚು ಕಾಡುವುದು. ಎದೆಯ ಮೇಲೆ ಯಾರೋ ಕಲ್ಲು ಹೇರಿದ ಹಾಗೆ, ಬೆಳಿಗ್ಗೆ ಎದ್ದಾಗ ಅದು ಇನ್ನಷ್ಟು ಭಾರವಾದ ಹಾಗೆ. ರಾತ್ರಿಯೆಲ್ಲ ಅಲುಗಾಡದೆ ಮಲಗಿರುವುದರಿಂದ ಬೆಳಗಿನ ಬಿಗಿತ ಜಾಸ್ತಿ. ಎದ್ದು ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲವಾಗುತ್ತದೆ. ನೋವು ಮೊದಲ ಎರಡು ಮೂರು ದಿನ ಹೆಚ್ಚು, ಆಮೇಲೆ ದಿನದಿಂದ ದಿನಕ್ಕೆ ಇಳಿಮುಖ. ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ ಅದು ಬೇರೆ ಕಥೆ, ಅದನ್ನು ಮುಂದೆ ಹೇಳುತ್ತೇನೆ.

ಅರಿವಳಿಕೆಯಿಂದ ಎಚ್ಚರವಾಗುವಾಗ ಚಳಿ, ನಡುಕ, ಓಕರಿಕೆ ಬರಬಹುದು. ಉಸಿರಾಟಕ್ಕೆಂದು ಗಂಟಲಿಗೆ ನಳಿಕೆ ಹಾಕಿರುವುದರಿಂದ ಗಂಟಲು ಕೆರೆತ, ದನಿ ಗೊಗ್ಗರು. ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವದವರಾದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಿಬಿಡಿ, ಅದಕ್ಕೆ ಮುಂಚಿತವಾಗಿಯೇ ಔಷಧ ಕೊಡುತ್ತಾರೆ. ಬಹುತೇಕರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಮೊದಲ ರಾತ್ರಿಯಾದರೂ ಜೊತೆಗೆ ಒಬ್ಬರು ಇರಲೇಬೇಕು. ಅದು ಉಪಚಾರದ ಮಾತಲ್ಲ, ಆ ರಾತ್ರಿ ಏನಾದರೂ ಏರುಪೇರಾದರೆ ಗುರುತಿಸಿ ಆಸ್ಪತ್ರೆಗೆ ಕರೆದೊಯ್ಯಲು ನಿಚ್ಚಳ ತಲೆಯ ಒಬ್ಬರು ಬೇಕು.

ನನ್ನ ಜೊತೆ ಅಕ್ಕ ಇದ್ದಳು. ರಾತ್ರಿ ಯಾವುದೋ ಹೊತ್ತು. ಬೆನ್ನ ಹಿಂದೆ ದಿಂಬು ಪೇರಿಸಿಕೊಂಡು ಅರ್ಧ ಕುಳಿತು, ಅರ್ಧ ಮಲಗಿದ್ದೆ. ಗಂಟಲು ಒಣಗಿತ್ತು. ನೀರಿನ ಬಾಟಲಿ ಕೈಗೆ ಎಟುಕುವಂತೆ ಅವಳು ನನ್ನ ಸೊಂಟದ ಪಕ್ಕದಲ್ಲೇ ಇಟ್ಟಿದ್ದಳು. ತೊಡೆಗಳ ನಡುವೆ ಅದನ್ನು ಸಿಕ್ಕಿಸಿಕೊಂಡು ಮುಚ್ಚಳ ತಿರುಗಿಸಿದೆ. ಎದೆಯ ಬಲಭಾಗ ಪೂರ್ತಿ ಹಿಡಿದುಕೊಂಡಿತು, ಉಸಿರು ಅರ್ಧದಲ್ಲೇ ನಿಂತಿತು. ಮುಚ್ಚಳ ತಿರುಗಿಸುವುದಕ್ಕೂ ಎದೆಗೂ ಸಂಬಂಧವಿದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ತೋಳನ್ನು ಒಳಕ್ಕೆ ತಿರುಗಿಸುವುದು, ಮೈಗೆ ಒತ್ತಿಕೊಳ್ಳುವುದು, ಬಾಗಿಲು ತಳ್ಳುವುದು, ಎಲ್ಲ ಆ ಸ್ನಾಯುವಿನ ಕೆಲಸವೇ. ಮತ್ತೊಮ್ಮೆ ತಿರುಗಿಸುವ ಧೈರ್ಯ ಬರಲಿಲ್ಲ. ಅಕ್ಕ ಪಕ್ಕದಲ್ಲೇ ಮಲಗಿದ್ದಳು. ಎಬ್ಬಿಸಲಿಲ್ಲ. ನಾನೇ ಬೇಡಿ ತಂದುಕೊಂಡದ್ದಕ್ಕೆ ಅವಳ ನಿದ್ದೆ ಯಾಕೆ ಕೆಡಿಸಲಿ ಎಂದು ಒಣಗಿದ ಗಂಟಲಲ್ಲೇ ಕೂತಿದ್ದೆ. ಕೊನೆಗೆ ಬಾಟಲಿ ಜಾರಿ ನೆಲಕ್ಕೆ ಬಿತ್ತು, ಅವಳು ಎದ್ದಳು.

"ಯಾಕೆ ಕರೀಲಿಲ್ಲ?"

"ನಿನ್ನ ನಿದ್ದೆ ಯಾಕೆ ಕೆಡಿಸೋದು ಅಂತ."

"ಸಿಸೇರಿಯನ್ ಆದಾಗ ಗಂಟೆಗೊಂದು ಸಲ ಕೂಗಿ ಎಬ್ಬಿಸ್ತಿದ್ದೆಯಲ್ಲೇ. ಈಗ ಮಾತ್ರ ಏನು ಬಂತು?"

ನನ್ನಲ್ಲಿ ಉತ್ತರವಿರಲಿಲ್ಲ. ಬೆಳಿಗ್ಗೆ ಅವಳು ಮನೆಯಲ್ಲಿದ್ದ ಮುಚ್ಚಳಗಳನ್ನೆಲ್ಲ ಸಡಿಲ ಮಾಡಿಟ್ಟಳು. ಔಷಧದ ಡಬ್ಬಿ, ಪೇಸ್ಟು, ನೀರಿನ ಬಾಟಲಿ, ಬಚ್ಚಲಿನ ನಲ್ಲಿಯನ್ನೂ ಬಿಡಲಿಲ್ಲ. ಕಪಾಟಿನ ಮೇಲಿದ್ದ ಸಾಮಾನುಗಳನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು. ಆಪರೇಷನ್ನಿಗೆ ಮುಂಚೆ ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ತಲೆಯ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಬೇಡ, ಮುಂದೆ ಗುಂಡಿ ಇರುವ ಸಡಿಲ ಅಂಗಿಗಳು ಬೇಕು.

ಮಾತ್ರೆಯ ವಿಷಯದಲ್ಲಿ ಒಂದು ಮಾತು. ನೋವು ಜಾಸ್ತಿಯಾದ ಮೇಲೆ ನುಂಗೋಣ ಎಂದು ತಡೆಯುತ್ತಾ ಕೂರಬಾರದು. ಮೊದಲ ದಿನಗಳಲ್ಲಿ ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನೋವು ತಲೆ ಎತ್ತುವುದೇ ಕಡಿಮೆ. ತಡೆದುಕೊಂಡಷ್ಟೂ ದೊಡ್ಡತನ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ, ಬಯಸಿ ಮಾಡಿಸಿಕೊಂಡ ಆಪರೇಷನ್ನಿನಲ್ಲಿ ಅದಕ್ಕೆ ಪ್ರಾಯಶ್ಚಿತ್ತದ ಬಣ್ಣವೂ ಬರುತ್ತದೆ. ನೋವಿಗೆ ಹೆದರಿ ಆಳವಾಗಿ ಉಸಿರಾಡದೆ, ಓಡಾಡದೆ ಬಿದ್ದುಕೊಂಡರೆ ಚೇತರಿಕೆಯೇ ಹಿಂದೆ ಬೀಳುತ್ತದೆ. ಬಲವಾದ ನೋವುಮಾತ್ರೆಗಳಿಂದ ಮಲಬದ್ಧತೆ ಹೆಚ್ಚುಕಡಿಮೆ ಖಂಡಿತ. ತಿಣುಕಿದರೆ ಎದೆಯೂ ಎಳೆಯುತ್ತದೆ. ಹಾಗಾಗಿ ನೀರು, ನಾರಿನಂಶದ ಆಹಾರ, ಬೇಕಾದರೆ ಡಾಕ್ಟರನ್ನು ಕೇಳಿ ಒಂದು ಸೌಮ್ಯ ಔಷಧ. ಆಸ್ಪಿರಿನ್ ತರಹದ ರಕ್ತ ತೆಳುವಾಗಿಸುವ ಗುಳಿಗೆಗಳನ್ನು, ಗಿಡಮೂಲಿಕೆಯ ಪುಡಿಗಳನ್ನು ಕೇಳದೆ ತೆಗೆದುಕೊಳ್ಳಬಾರದು. ಬೀಡಿ ಸಿಗರೇಟು ಆಪರೇಷನ್ನಿಗೆ ಹಲವು ವಾರ ಮೊದಲೂ ಬೇಡ, ಆದ ಮೇಲೂ ಹಲವು ವಾರ ಬೇಡ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಚರ್ಮಕ್ಕೆ ರಕ್ತ ಸಿಗದಿದ್ದರೆ ಗಾಯ ಕೂಡಿಕೊಳ್ಳುವುದಿಲ್ಲ.

ಹಾಸಿಗೆಯಿಂದ ಏಳುವುದೂ ಒಂದು ಪಾಠ. ಅಂಗೈ ಊರಿ ಏಳುವಂತಿಲ್ಲ. ಮಂಡಿ ಮಡಚಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಹೊಟ್ಟೆ ಮತ್ತು ತೊಡೆಯ ಬಲದಿಂದ ಏಳಬೇಕು. ಜೊತೆಗಿರುವವರು ಕೈ ಹಿಡಿದು ಎಳೆಯದೆ ಬೆನ್ನಿಗೆ ಕೈ ಕೊಟ್ಟು ಎತ್ತಬೇಕು. ಮೇಲರ್ಧ ಮೈಯನ್ನು 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿಟ್ಟು ಅಂಗಾತ ಮಲಗಿದರೆ ಊತ ಬೇಗ ಇಳಿಯುತ್ತದೆ, ಏಳುವುದೂ ಸುಲಭ. ಮಗ್ಗುಲಾಗಿ ಮಲಗಲು ವಾರಗಳು ಕಾಯಬೇಕು, ಬೋರಲು ಮಲಗಲು ಇನ್ನೂ ಹೆಚ್ಚು. ಹಾಗೆಂದು ಮಲಗಿಯೇ ಇರುವಂತಿಲ್ಲ, ಮೊದಲ ದಿನದಿಂದಲೇ ಆಗಾಗ ಎದ್ದು ಮನೆಯೊಳಗೆ ನಡೆಯಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಈ ಸಣ್ಣ ನಡಿಗೆ ಬೇಕೇ ಬೇಕು.

ಕಾರಣ ಗೊತ್ತಾಗದ ಅಳು

ಮೈನೋವಿಗೆ ಎಲ್ಲರೂ ಸಿದ್ಧರಾಗಿರುತ್ತಾರೆ. ಮನಸ್ಸು ಕುಸಿಯುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ಮೊದಲ ವಾರದಲ್ಲಿ, ನೋವು ತುಸು ಇಳಿದು ತಲೆ ತಿಳಿಯಾಗುವ ಹೊತ್ತಿಗೆ, ಹಲವರಿಗೆ ಒಂದು ಅಳು ಬರುತ್ತದೆ. ಅರಿವಳಿಕೆಯ ಮಂಪರು, ಮಾತ್ರೆಗಳು, ಕೆಟ್ಟ ನಿದ್ದೆ, ತಲೆ ಬಾಚಿಕೊಳ್ಳಲೂ ಇನ್ನೊಬ್ಬರು ಬೇಕೆನ್ನುವ ಅಸಹಾಯಕತೆ, ಎಲ್ಲ ಒಟ್ಟಿಗೆ ಬಂದು ಎರಗುತ್ತವೆ. ಅದರ ಮೇಲೆ ಕನ್ನಡಿ.

ಡ್ರೆಸ್ಸಿಂಗ್ ಬಿಚ್ಚಿ ನೋಡಿಕೊಂಡ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು. ಸ್ತನಗಳು ಕತ್ತಿನ ಮೂಳೆಗೆ ಹತ್ತಿರವಾಗಿ, ಮೇಲ್ಭಾಗವೆಲ್ಲ ಉಬ್ಬಿಕೊಂಡು, ಕೆಳಭಾಗ ಚಪ್ಪಟೆಯಾಗಿ ಕಂಡವು. ಮೊಲೆತೊಟ್ಟುಗಳು ನೆಲ ನೋಡುತ್ತಿದ್ದವು. ಬಲಗಡೆಯದು ಎಡಗಡೆಗಿಂತ ಎದ್ದು ಕಾಣುವಷ್ಟು ಮೇಲಿತ್ತು. ಕಂದಿದ ನೇರಳೆ ಬಣ್ಣ ಅಂಚಿನಲ್ಲಿ ಹಳದಿಗೆ ತಿರುಗಿ ಪಕ್ಕೆಯ ಕಡೆಗೆ ಇಳಿದಿತ್ತು. ಇದು ನನ್ನ ಎದೆ ಎಂದು ಒಪ್ಪಲು ಮನಸ್ಸು ಬರಲಿಲ್ಲ. ಇಷ್ಟು ದುಡ್ಡು, ಇಷ್ಟು ನೋವು, ಇದಕ್ಕಾ ಎಂಬ ಯೋಚನೆ ಬಂತು. ಯಾರ ಮುಂದೆ ಹೇಳಲಿ? ಹೇಳಿದರೆ ಬರುವ ಉತ್ತರ ನನಗೆ ಮೊದಲೇ ಗೊತ್ತಿತ್ತು.

ಆಗ ನನಗೆ ಗೊತ್ತಿರದಿದ್ದುದು ಇಷ್ಟು. ಸ್ನಾಯು ಬಿಗಿದಿರುವವರೆಗೆ ಅದು ಇಂಪ್ಲಾಂಟನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ, ಕೆಳಭಾಗದ ಚರ್ಮ ಇನ್ನೂ ಹಿಗ್ಗಿರುವುದಿಲ್ಲ, ಊತ ಮೇಲ್ಭಾಗದಲ್ಲಿ ತುಂಬಿಕೊಂಡಿರುತ್ತದೆ. ವಾರಗಳು ಕಳೆದ ಹಾಗೆ ಸ್ನಾಯು ಸಡಿಲವಾಗಿ ಇಂಪ್ಲಾಂಟ್ ತನ್ನ ಜಾಗಕ್ಕೆ ಇಳಿಯುತ್ತದೆ, ಕೆಳಭಾಗ ತುಂಬಿಕೊಳ್ಳುತ್ತದೆ, ತೊಟ್ಟು ಮುಂದಕ್ಕೆ ತಿರುಗುತ್ತದೆ. ಮೂರು ತಿಂಗಳಿಗೆ ಒಂದು ಹದಕ್ಕೆ ಬರುತ್ತದೆ, ಪೂರ್ತಿ ನೆಲೆಗೊಳ್ಳಲು ಆರು ತಿಂಗಳೂ ಹಿಡಿಯಬಹುದು, ಕೆಲವರಿಗೆ ಅದಕ್ಕೂ ಮೀರಿ. ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯಬೇಕೆಂದೇನಿಲ್ಲ. ಹೆಚ್ಚು ಬಳಸುವ ಕೈಯ ಕಡೆಯ ಸ್ನಾಯು ಬಲವಾಗಿರುವುದರಿಂದ ಆ ಕಡೆ ನಿಧಾನವಾಗುವುದುಂಟು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅಳತೆಯ ಬ್ರಾ ಕೊಳ್ಳಲು ಹೋಗಬೇಡಿ, ಆ ಅಳತೆ ನಿಲ್ಲುವುದಿಲ್ಲ. ಆಸ್ಪತ್ರೆಯವರು ಹೇಳಿದ ತಂತಿಯಿಲ್ಲದ ಆಧಾರದ ಬ್ರಾ ಹಗಲೂ ರಾತ್ರಿ ಹಾಕಿಕೊಳ್ಳುವುದು ಸಾಮಾನ್ಯವಾಗಿ ಆರು ವಾರದವರೆಗೆ. ಮೇಲಿಂದ ಒತ್ತುವ ಪಟ್ಟಿ ಕಟ್ಟಿಕೊಳ್ಳಬೇಕೇ, ಮಸಾಜ್ ಮಾಡಬೇಕೇ ಎಂಬುದು ಇಂಪ್ಲಾಂಟಿನ ಬಗೆಯನ್ನು ಅವಲಂಬಿಸಿದ ವಿಷಯ. ಹನಿಯಾಕಾರದ ಇಂಪ್ಲಾಂಟ್ ತಿರುಗಿಬಿಟ್ಟರೆ ಸ್ತನದ ಆಕಾರವೇ ಕೆಡುತ್ತದೆ. ಆದ್ದರಿಂದ ಇನ್ನೊಬ್ಬರಿಗೆ ಹೇಳಿದ ಮಸಾಜನ್ನು ನೀವು ಮಾಡಿಕೊಳ್ಳಬೇಡಿ.

ಒಳಗಿನ ಸದ್ದು, ಸೆಳಕು, ಜೋಮು

ಒಂದು ದಿನ ಬಗ್ಗಿ ಎದ್ದಾಗ ಎದೆಯೊಳಗೆ ಗುಳುಗುಳು ಅಂದಿತು. ಇಂಪ್ಲಾಂಟ್ ಒಡೆದೇ ಹೋಯಿತೆಂದು ಕೈಕಾಲು ತಣ್ಣಗಾಯಿತು. ಒಡೆದಿರುವುದಿಲ್ಲ. ಆಪರೇಷನ್ ಹೊತ್ತಿನಲ್ಲಿ ಒಳಸೇರಿದ ಗಾಳಿ, ಗಾಯದಿಂದ ಒಸರುವ ದ್ರವ ಆ ಜಾಗದಲ್ಲಿ ಸ್ವಲ್ಪ ದಿನ ಇರುತ್ತವೆ, ಮೈ ಅವನ್ನು ಹೀರಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ.

ಸೆಳಕುಗಳು ಬೇರೆ. ಸುಮ್ಮನೆ ಕುಳಿತಿರುವಾಗ ತೊಟ್ಟಿನಿಂದ ಪಕ್ಕೆಯವರೆಗೆ ಚುಳ್ ಎಂದು ಒಂದು ಸೆಳಕು ಹರಿದು, ಮರುಕ್ಷಣ ಏನೂ ಆಗದವರ ಹಾಗೆ ಮಾಯವಾಗುತ್ತದೆ. ಎಳೆಯಲ್ಪಟ್ಟ, ಕೊಯ್ಯಲ್ಪಟ್ಟ ಸಣ್ಣ ನರಗಳು ಮತ್ತೆ ಚಿಗುರುವಾಗ ಹೀಗಾಗುತ್ತದೆ. ಸ್ತನದ ಕೆಳಭಾಗ ಮರಗಟ್ಟಿರಬಹುದು, ಬೆರಳಿಟ್ಟರೂ ಗೊತ್ತಾಗದಷ್ಟು. ಕೆಲವರಿಗೆ ತದ್ವಿರುದ್ಧ: ಅಂಗಿಯ ಬಟ್ಟೆ ತೊಟ್ಟಿಗೆ ತಾಗಿದರೂ ಸಹಿಸಲಾಗದು. ಎರಡೂ ತಿಂಗಳುಗಟ್ಟಲೆ ಇರಬಹುದು, ಕೆಲವೊಮ್ಮೆ ವರ್ಷ ದಾಟಬಹುದು. ಸ್ಪರ್ಶ ಪೂರ್ತಿಯಾಗಿ ಮರಳದೇ ಉಳಿಯುವವರೂ ಇದ್ದಾರೆ. ಇದನ್ನು ಮೆಲುದನಿಯಲ್ಲಿ ಹೇಳಿ ಮುಂದೆ ಹೋಗಬಾರದು. ಸಂಗಾತಿಯ ಜೊತೆಗಿನ ಸುಖದಲ್ಲಿ ಆ ಸ್ಪರ್ಶಕ್ಕೆ ಜಾಗವಿದ್ದವರು, ಅದು ಹೋಗಬಹುದು ಎಂಬ ಸಾಧ್ಯತೆಯನ್ನು ಆಪರೇಷನ್ನಿಗೆ ಮುಂಚೆಯೇ ಎದುರಿಟ್ಟುಕೊಂಡು ಯೋಚಿಸಬೇಕು.

ಇನ್ನೊಂದು ವಿಚಿತ್ರ: ಕೆಲವು ವಾರಗಳ ನಂತರ ಸ್ತನದ ಕೆಳಗೆ, ಹೊಟ್ಟೆಯ ಕಡೆಗೆ, ಚರ್ಮದಡಿಯಲ್ಲಿ ಹುರಿಯಂಥದ್ದು ಕೈಗೆ ಸಿಗಬಹುದು, ಕೈ ಎತ್ತಿದಾಗ ಬಿಗಿದು ನೋಯುತ್ತದೆ. ಇದನ್ನು ಮೊಂಡೋರ್ ತೊಂದರೆ ಎನ್ನುತ್ತಾರೆ. ಚರ್ಮದ ಹತ್ತಿರದ ಒಂದು ಸಣ್ಣ ರಕ್ತನಾಳ ಉರಿಯೂತವಾಗಿ ಗಟ್ಟಿಯಾಗಿರುತ್ತದೆ, ಸಾಮಾನ್ಯವಾಗಿ ವಾರಗಳಲ್ಲಿ ತಾನಾಗಿ ಕರಗುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಂಡರೆ ನೆಮ್ಮದಿ. ಕಲೆಯ ಬಗ್ಗೆ: ಮೊದಲ ತಿಂಗಳುಗಳಲ್ಲಿ ಅದು ಇನ್ನೂ ಕೆಂಪಾಗುತ್ತದೆ, ಉಬ್ಬುತ್ತದೆ, ಕೆರೆಯುತ್ತದೆ. ಮಾಸಲು ಒಂದರಿಂದ ಒಂದೂವರೆ ವರ್ಷ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಪಟ್ಟಿ ಅಂಟಿಸಿಕೊಳ್ಳಲು ಹಲವು ಸರ್ಜನ್‌ಗಳು ಹೇಳುತ್ತಾರೆ. ಬಿಸಿಲು ತಾಗಿದರೆ ಕಲೆ ಕಪ್ಪಾಗುತ್ತದೆ. ಹಿಂದೆ ಯಾವುದಾದರೂ ಗಾಯದ ಕಲೆ ಗಾಯವನ್ನೂ ಮೀರಿ ಉಬ್ಬಿ ಬೆಳೆದು ಕೀಲಾಯ್ಡ್ ಆಗಿದ್ದರೆ ಸರ್ಜನ್‌ಗೆ ಮೊದಲೇ ಹೇಳಬೇಕು.

ಯಾವಾಗ ಫೋನ್ ಮಾಡಬೇಕು

ನನ್ನ ಬಲಗಡೆ ಹೆಚ್ಚು ಊದಿದೆ ಅನ್ನಿಸಿದ ಸಂಜೆ ಫೋನ್ ಮಾಡಿದವಳು ಅಕ್ಕ. ನಾನು ಬೇಡವೆನ್ನುತ್ತಲೇ ಇದ್ದೆ. ಆ ಕಡೆಯ ನರ್ಸ್ ಒಂದೊಂದಾಗಿ ಕೇಳಿದರು. ಈ ಊತ ನಿನ್ನೆಯೂ ಇತ್ತಾ, ಇವತ್ತು ಇದ್ದಕ್ಕಿದ್ದಂತೆ ಬಂತಾ? ಮುಟ್ಟಿದರೆ ಕಲ್ಲಿನಷ್ಟು ಗಟ್ಟಿಯಾ? ಆ ಕಡೆ ಮಾತ್ರ ನೋವು ಏರುತ್ತಿದೆಯಾ? ಕೆಂಪು, ಬಿಸಿ ಇದೆಯಾ? ಹೊಲಿಗೆಯಿಂದ ಏನಾದರೂ ಸೋರುತ್ತಿದೆಯಾ? ಜ್ವರ ನೋಡಿಕೊಂಡಿರಾ? ಯಾವುದೂ ಇರಲಿಲ್ಲ. ನನ್ನದು ಮಾಮೂಲಿ ಊತ. ಆದರೂ ಆಕೆ, "ರಾತ್ರಿ ಹೆಚ್ಚಾದರೆ ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡಿ" ಎಂದರು. ಆ ಪ್ರಶ್ನೆಗಳು ಇವತ್ತಿಗೂ ನನಗೆ ಬಾಯಿಪಾಠ, ಯಾಕೆಂದರೆ ಒಂದೊಂದರ ಹಿಂದೆಯೂ ಒಂದು ಅಪಾಯ ಇದೆ.

ಒಂದು ಕಡೆ ಮಾತ್ರ ಇದ್ದಕ್ಕಿದ್ದಂತೆ ಊದಿ, ಗಟ್ಟಿಯಾಗಿ, ನೋವು ಏರುತ್ತಾ ಹೋದರೆ ಒಳಗೆ ರಕ್ತ ಶೇಖರವಾಗುತ್ತಿರಬಹುದು. ಇದು ಹೆಚ್ಚಾಗಿ ಮೊದಲ ಒಂದೆರಡು ದಿನಗಳಲ್ಲಿ ಆಗುತ್ತದೆ, ಮತ್ತೆ ಆಪರೇಷನ್ ಕೋಣೆಗೆ ಹೋಗಿ ಅದನ್ನು ತೆಗೆಸಬೇಕಾಗಬಹುದು, ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಇಳಿದಿದ್ದ ನೋವು ಮತ್ತೆ ಏರಿ, ಚರ್ಮ ಕೆಂಪಾಗಿ ಬಿಸಿಯಾಗಿ, 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರವೋ, ಕೀವೋ ಕಂಡರೆ ಸೋಂಕು. ಇಂಪ್ಲಾಂಟಿಗೆ ಅಂಟಿದ ಸೋಂಕನ್ನು ಬರೀ ಮಾತ್ರೆಯಲ್ಲಿ ಓಡಿಸುವುದು ಕಷ್ಟ, ತಡವಾದಷ್ಟೂ ಇಂಪ್ಲಾಂಟನ್ನೇ ತೆಗೆಯಬೇಕಾದ ಸಂದರ್ಭ ಹತ್ತಿರವಾಗುತ್ತದೆ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಉಸಿರೆಳೆದರೆ ಎದೆ ಚುಚ್ಚುವುದು ಕಂಡರೆ ಫೋನನ್ನೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು, ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆ ಇರುತ್ತದೆ. ಎದೆಯ ಆಪರೇಷನ್ ಆದವರು ಎದೆಯ ಬಿಗಿತವನ್ನೂ ಈ ಉಸಿರುಕಟ್ಟುವಿಕೆಯನ್ನೂ ಒಂದೇ ಎಂದುಕೊಳ್ಳುವ ಅಪಾಯವಿದೆ.

ಬಯಸಿ ಮಾಡಿಸಿಕೊಂಡದ್ದು ಎಂಬ ಆ ಮಾತಿನ ಮೇಲೆ ನನಗೆ ನಿಜವಾದ ಸಿಟ್ಟು ಬರುವುದು ಇಲ್ಲೇ. ಮನಸ್ಸಿಗೆ ನೋವಾಗುತ್ತದೆ ಎಂಬುದು ಚಿಕ್ಕ ವಿಷಯ. ಅದನ್ನು ಒಳಗಿಳಿಸಿಕೊಂಡವಳು ಜ್ವರ ಬಂದರೂ ಸುಮ್ಮನಿರುತ್ತಾಳೆ, ರಾತ್ರಿ ಹೊತ್ತು ಡಾಕ್ಟರಿಗೆ ತೊಂದರೆ ಯಾಕೆ ಎನ್ನುತ್ತಾಳೆ, ಬೇರೆ ಆಸ್ಪತ್ರೆಗೆ ಹೋದರೆ ಏನೆಂದುಕೊಳ್ಳುತ್ತಾರೋ ಎಂದು ಹೆದರುತ್ತಾಳೆ. ಸ್ತನ ಕ್ಯಾನ್ಸರಿನ ನಂತರ ಸ್ತನವನ್ನು ಮತ್ತೆ ರೂಪಿಸಿಕೊಳ್ಳುವವರಿಗೂ ಇಂಥದೇ ಇಂಪ್ಲಾಂಟ್ ಹಾಕುತ್ತಾರೆ. ಅವರ ಹಾದಿ ನನ್ನದಕ್ಕಿಂತ ಬಹಳ ಕಠಿಣ, ಅದನ್ನು ನಾನು ಪಕ್ಕಕ್ಕಿಟ್ಟು ತೂಗುವುದಿಲ್ಲ. ಆದರೆ ಹೆಪ್ಪುಗಟ್ಟುವ ರಕ್ತ, ಕೀವಾಗುವ ಗಾಯ ಇಬ್ಬರಿಗೂ ಒಂದೇ. ಅವರಿಗೆ ಕೇಳುವ ಪ್ರಶ್ನೆಗಳನ್ನೇ ನಮಗೂ ಅದೇ ಗಂಭೀರತೆಯಿಂದ ಕೇಳಬೇಕು, ನಾವೂ ಮುಚ್ಚಿಡದೆ ಉತ್ತರಿಸಬೇಕು.

ಮನೆ, ಕೆಲಸ, ಮಕ್ಕಳು

ಎರಡು ಮೂರು ಕಿಲೋಗಿಂತ ಹೆಚ್ಚಿನ ಭಾರ ಮೊದಲ ಕೆಲವು ವಾರ ಎತ್ತಬಾರದು ಎನ್ನುತ್ತಾರೆ. ಕೇಳಲು ಸುಲಭ. ಮನೆಯಲ್ಲಿ ಎತ್ತಿಕೋ ಎಂದು ಕೈ ಚಾಚುವ ಮಗುವಿದ್ದರೆ ಆ ಮಾತಿನ ತೂಕ ಗೊತ್ತಾಗುತ್ತದೆ. ಮಗು ಸೋಫಾ ಹತ್ತಿ ಪಕ್ಕದಲ್ಲಿ ಕೂರುವುದನ್ನು ಮೊದಲೇ ರೂಢಿ ಮಾಡಿಸಿದರೆ ಇಬ್ಬರಿಗೂ ಒಳ್ಳೆಯದು. ಬಲವಾದ ನೋವುಮಾತ್ರೆ ನುಂಗುತ್ತಿರುವವರೆಗೆ ಗಾಡಿ ಓಡಿಸಬಾರದು. ಅದು ನಿಂತ ಮೇಲೂ ಸ್ಟೀರಿಂಗನ್ನು ಗಕ್ಕನೆ ತಿರುಗಿಸಲು ಆಗುತ್ತದೆಯೇ ಎಂದು ನಿಂತ ಗಾಡಿಯಲ್ಲೇ ನೋಡಿಕೊಳ್ಳಬೇಕು. ನಡಿಗೆ ಮೊದಲಿನಿಂದಲೇ ಸರಿ. ಓಟ, ಈಜು, ಎದೆಯ ವ್ಯಾಯಾಮ ಸಾಮಾನ್ಯವಾಗಿ ಆರು ವಾರದ ನಂತರ, ಸರ್ಜನ್ ನೋಡಿ ಒಪ್ಪಿದ ಮೇಲೆ. ರಕ್ತದೊತ್ತಡ ಏರಿಸುವ ಯಾವುದೇ ಶ್ರಮ ಮೊದಲ ವಾರಗಳಲ್ಲಿ ಬೇಡ, ದಾಂಪತ್ಯದ ಸಂಗವೂ ಅದರಲ್ಲಿ ಸೇರಿತು. ಸ್ನಾಯುವಿನಡಿ ಇಂಪ್ಲಾಂಟ್ ಇದ್ದವರಿಗೆ ವ್ಯಾಯಾಮದ ಹೊತ್ತಿಗೆ ಎದೆ ಬಿಗಿದರೆ ಸ್ತನ ಅಲುಗಿ ಆಕಾರ ಬದಲಾಗುವುದು ಕಾಣಬಹುದು, ಅದು ಕೆಲವರಲ್ಲಿ ಹಾಗೇ ಉಳಿಯುತ್ತದೆ.

ಯಾರಿಗೆ ಹೇಳುವುದು ಎಂಬುದು ನಿಮ್ಮ ಹಕ್ಕು. ಕೆಲಸದ ಕಡೆ "ಒಂದು ಸಣ್ಣ ಆಪರೇಷನ್, ಭಾರ ಎತ್ತುವ ಹಾಗಿಲ್ಲ" ಅಂದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪೂರ್ತಿ ಸತ್ಯ ಗೊತ್ತಿರುವ ಒಬ್ಬರಾದರೂ ಇರಲಿ. ಯಾರಿಗೂ ಗೊತ್ತಿಲ್ಲದೆ ಇದನ್ನು ದಾಟುವುದು ಅಪಾಯ.

ಮೊದಲ ಹೆಂಗಸು ಮತ್ತು ನಂತರದ ವರ್ಷಗಳು

ಸಿಲಿಕೋನ್ ಇಂಪ್ಲಾಂಟನ್ನು ಮೊದಲು ಹಾಕಿಸಿಕೊಂಡವರು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಂಗಸು, 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಸರ್ಜನ್‌ಗಳು ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಹೊಸ ಇಂಪ್ಲಾಂಟ್ ಹಾಕಿಸಿಕೊಳ್ಳುತ್ತೀಯಾ ಎಂದು ವೈದ್ಯರೇ ಕೇಳಿದರು. ಆಕೆಗೆ ಬೇಕಾಗಿದ್ದುದು ತನ್ನ ಕಿವಿಗಳನ್ನು ಸರಿಮಾಡಿಸಿಕೊಳ್ಳುವುದು, ಅದನ್ನೂ ಮಾಡಿಕೊಡುತ್ತೇವೆ ಎಂದರು, ಒಪ್ಪಿದಳು. ನೀನೇ ಬಯಸಿದ್ದು ಎಂಬ ಮಾತು ಈ ಚಿಕಿತ್ಸೆಯ ಮೊದಲ ಹೆಂಗಸಿಗೇ ಪೂರ್ತಿ ಅನ್ವಯಿಸುವುದಿಲ್ಲ. ಬಯಕೆಯಲ್ಲಿ ನಮ್ಮದೆಷ್ಟು, ಎದುರಿಗೆ ಕೂತವರದೆಷ್ಟು ಎಂದು ಬಿಡಿಸಿ ನೋಡುವುದು ಅಷ್ಟು ಸುಲಭವಲ್ಲ.

ನಂತರದ ಚರಿತ್ರೆಯೂ ರೋಗಿಗೆ ಎಷ್ಟು ಹೇಳಬೇಕು ಎಂಬುದರ ಸುತ್ತಲೇ ಇದೆ. ಸುರಕ್ಷತೆಯ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲವೆಂದು, ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎ 1992ರಲ್ಲಿ ಸಿಲಿಕೋನ್ ಜೆಲ್ ಇಂಪ್ಲಾಂಟುಗಳನ್ನು ಸೌಂದರ್ಯದ ಉದ್ದೇಶಕ್ಕೆ ತಡೆಹಿಡಿಯಿತು, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ದರ್ಜೆಯದಲ್ಲದ ಸಿಲಿಕೋನ್ ತುಂಬಿ ಮಾರುತ್ತಿದ್ದದ್ದು 2010ರಲ್ಲಿ ಹೊರಬಿತ್ತು. ಒರಟು ಮೇಲ್ಮೈಯ ಇಂಪ್ಲಾಂಟುಗಳಿಗೂ ಒಂದು ಅಪರೂಪದ ದುಗ್ಧರಸ ಕ್ಯಾನ್ಸರಿಗೂ (ಲಿಂಫೋಮಾ) ನಂಟು ಕಂಡು, ಅಲರ್ಗನ್ ಕಂಪನಿಯ ಬಯೋಸೆಲ್ ಇಂಪ್ಲಾಂಟುಗಳನ್ನು 2019ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆಪರೇಷನ್ ಆಗಿ ವರ್ಷಗಳ ನಂತರ ಒಂದು ಸ್ತನ ಸುಮ್ಮನೆ ಊದಿದರೆ ತೋರಿಸಿಕೊಳ್ಳಲೇಬೇಕು ಎನ್ನುವುದು ಅದಕ್ಕೇ. ದಣಿವು, ಕೀಲುನೋವು, ಮಂಕು ಕವಿದ ತಲೆ ಎಂದು ದೂರಿದ ಹೆಂಗಸರ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2021ರಲ್ಲಿ ಎಫ್‌ಡಿಎ ಇಂಪ್ಲಾಂಟುಗಳಿಗೆ ಅತಿ ಗಂಭೀರ ಎಚ್ಚರಿಕೆಯ ಚೌಕಟ್ಟನ್ನು ಕಡ್ಡಾಯ ಮಾಡಿದಾಗ ಆ ಲಕ್ಷಣಗಳೂ ಅದರಲ್ಲಿ ಸೇರಿದವು, ಅಪಾಯಗಳನ್ನು ಒಂದೊಂದಾಗಿ ಓದಿ ರೋಗಿ ಸಹಿ ಹಾಕುವ ಪಟ್ಟಿಯೂ ಬಂತು.

ಇಂಪ್ಲಾಂಟ್ ಆಯುಷ್ಯವಿಡೀ ಬಾಳುವ ವಸ್ತುವಲ್ಲ ಎಂದು ಆ ಎಚ್ಚರಿಕೆಯೇ ಹೇಳುತ್ತದೆ. ಒಳಗೆ ಬಂದ ಹೊರವಸ್ತುವಿನ ಸುತ್ತ ದೇಹ ತೆಳುವಾದ ಒಂದು ಪೊರೆ ಕಟ್ಟುವುದು ಸಹಜ. ಕೆಲವರಲ್ಲಿ ತಿಂಗಳುಗಳ ನಂತರವೋ ವರ್ಷಗಳ ನಂತರವೋ ಆ ಪೊರೆ ಬಿಗಿದು ದಪ್ಪವಾಗಿ ಸ್ತನವನ್ನು ಗಟ್ಟಿಮಾಡುತ್ತದೆ, ನೋಯಿಸುತ್ತದೆ. ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೆ ಹೊರಗೆ ಏನೂ ಗೊತ್ತಾಗದೇ ಇರಬಹುದು. ಅದಕ್ಕಾಗಿ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಲು ಎಫ್‌ಡಿಎ ಸೂಚಿಸುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಇಂಪ್ಲಾಂಟಿನ ಕಂಪನಿ, ಮಾದರಿ, ಗಾತ್ರ, ಕ್ರಮಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆಯಿರಿ. ಯಾವುದಾದರೂ ಮಾದರಿಯನ್ನು ನಾಳೆ ಹಿಂದಕ್ಕೆ ಕರೆಸಿದರೆ ನಿಮ್ಮೊಳಗಿರುವುದು ಅದೇನಾ ಎಂದು ಗೊತ್ತಾಗುವುದು ಆ ಕಾರ್ಡಿನಿಂದಲೇ.

ಒಂದು ವಾರ ರಜೆ ಸಾಕಾ ಎಂದಿದ್ದ ಆ ಹುಡುಗಿ ಕೊನೆಗೆ ಕೇಳಿದ್ದು ಮ್ಯಾಮೊಗ್ರಾಂ, ಅಂದರೆ ಕ್ಯಾನ್ಸರ್ ಪತ್ತೆಗೆ ತೆಗೆಯುವ ಸ್ತನದ ಎಕ್ಸ್-ರೇ ಬಗ್ಗೆ, ಅವಳ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತಂತೆ. ಇಂಪ್ಲಾಂಟ್ ಇದ್ದರೂ ಮ್ಯಾಮೊಗ್ರಾಂ ಮಾಡಿಸಬಹುದು, ಮಾಡಿಸಲೇಬೇಕು. ಆದರೆ ಇಂಪ್ಲಾಂಟ್ ಸ್ತನದ ಸ್ವಲ್ಪ ಭಾಗವನ್ನು ಮರೆಮಾಡುತ್ತದೆ. ಆದ್ದರಿಂದ ಸಮಯ ಗೊತ್ತು ಮಾಡಿಕೊಳ್ಳುವಾಗಲೇ ಹೇಳಬೇಕು, ಯಂತ್ರದ ಮುಂದೆ ನಿಂತಾಗ ಟೆಕ್ನಿಷಿಯನ್‌ಗೆ ಮತ್ತೊಮ್ಮೆ ಹೇಳಬೇಕು. ಅವರು ಇಂಪ್ಲಾಂಟನ್ನು ಹಿಂದಕ್ಕೆ ಒತ್ತಿ, ಸ್ತನದ ಅಂಗಾಂಶವನ್ನು ಮುಂದಕ್ಕೆ ಎಳೆದು ಹೆಚ್ಚುವರಿ ಚಿತ್ರಗಳನ್ನು ತೆಗೆಯುತ್ತಾರೆ. "ಅಲ್ಲೂ ಹೇಳಬೇಕಾ?" ಎಂದಳು. ಅಲ್ಲೂ ಹೇಳಬೇಕು, ಅದೂ ಬಟ್ಟೆ ಬಿಚ್ಚುವ ಮುಂಚೆಯೇ ಎಂದೆ.